ಉಯಿಲು ಇಲ್ಲದಿದ್ದರೆ ಏನಾಗುತ್ತದೆ, ಇದ್ದರೂ ಯಾವಾಗ ಬಿದ್ದುಹೋಗುತ್ತದೆ

ಈ ಪಾಠವನ್ನು ಉಯಿಲಿನ ಸಹಿ, ಸಾಕ್ಷಿಗಳ ನಿಯಮ ಹೇಳುವ ಸೆಕ್ಷನ್ 63ರಿಂದ ಶುರು ಮಾಡಿದರೆ ನಿದ್ದೆ ಬರುತ್ತದೆ. ಉಯಿಲು ಬರೆಯದೆ ಸತ್ತರೆ ಆಸ್ತಿ ಯಾರಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ಓದಿಕೊಳ್ಳಿ.

ಹಿಂದೂ ಗಂಡಸಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಮೊದಲು ಪಾಲು ಪಡೆಯುವ ಈ ಮೊದಲ ದರ್ಜೆಯ ವಾರಸುದಾರರಲ್ಲಿ ತಂದೆ ಇಲ್ಲವೇ ಇಲ್ಲ! 'ಎಲ್ಲಾ ಹೆಂಡತಿಗೇ ತಾನೇ' ಅಂದುಕೊಂಡವರು, ಮನೆ ಮಾರಲು ಹೋದಾಗ ಅತ್ತೆಯ ಸಹಿಯೂ ಬೇಕು ಅಂತ ಗೊತ್ತಾಗಿ ಕಂಗಾಲಾಗುತ್ತಾರೆ.

ಹಿಂದೂ ಹೆಂಗಸರ ವಿಷಯಕ್ಕೆ ಅದೇ ಕಾಯ್ದೆಯ ಸೆಕ್ಷನ್ 15. ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಹೆತ್ತ ಅಪ್ಪ ಅಮ್ಮ ಬರುವುದು ಅದರ ನಂತರ. ಇದು ಎಷ್ಟು ಕಟುವಾಗಬಹುದು ಅಂತ ತಿಳಿಯಲು ಸುಪ್ರೀಂ ಕೋರ್ಟಿನ ಓಂ ಪ್ರಕಾಶ್ ವಿರುದ್ಧ ರಾಧಾಚರಣ್ (2009) ಓದಿ. ಒಬ್ಬ ಹೆಂಗಸಿಗೆ 1955ರಲ್ಲಿ ಮದುವೆ, ಮೂರೇ ತಿಂಗಳೊಳಗೆ ಗಂಡ ಹಾವು ಕಚ್ಚಿ ತೀರಿಕೊಂಡ, ಅತ್ತೆಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದು ಹಣ ಕೂಡಿಟ್ಟರು, 1996ರಲ್ಲಿ ಉಯಿಲು ಬರೆಯದೆ ಸತ್ತರು. ಆ ಹಣ ಹೋದದ್ದು ಗಂಡನ ಕಡೆಯವರಿಗೆ! ಕನಿಕರ ನೋಡಿ ಕಾನೂನು ಬದಲಿಸಲಾಗದು ಅನ್ನುವುದು ಕೋರ್ಟಿನ ನಿಲುವು. ತಂದೆ ತಾಯಿಯಿಂದ ವಾರಸಿನಲ್ಲಿ ಬಂದ ಆಸ್ತಿಯಾಗಿದ್ದರೆ ತಂದೆಯ ಕಡೆಗೆ ತಿರುಗುತ್ತಿತ್ತು, ಆದರೆ ಇದು ಸ್ವಂತ ಸಂಪಾದನೆ. 'ನನ್ನದೆಲ್ಲ ಅಮ್ಮನಿಗೆ' ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿದ್ದರೆ ಕೇಸಿನ ಕಥೆಯೇ ಬೇರೆ. ನನ್ನ ಪ್ರಕಾರ ಉಯಿಲು ಎಲ್ಲರಿಗಿಂತ ಜಾಸ್ತಿ ಬೇಕಿರುವುದು ಮಕ್ಕಳಿಲ್ಲದ ವಿಧವೆಯರಿಗೆ, ಕೋಟ್ಯಧಿಪತಿಗಳಿಗಲ್ಲ.

ಈಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 63. ಬರೆಯುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ 'ಇದು ನನ್ನ ಸಹಿ' ಅಂತ ಅವರ ಬಾಯಿಂದಲೇ ಕೇಳಿರಬೇಕು, ಆಮೇಲೆ ಅವರ ಎದುರೇ ತಾವೂ ಸಹಿ ಮಾಡಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದೇನಿಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು ಅಷ್ಟೇ. (ಮುಸ್ಲಿಮರ ವಸೀಯತ್ತಿಗೆ, ಅಂದರೆ ಅವರ ಉಯಿಲಿಗೆ, ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯುವ ಹಾಗಿಲ್ಲ.)

ಕೋರ್ಟಿನಲ್ಲಿ ಉಯಿಲನ್ನು ಸಾಬೀತು ಮಾಡಲು, ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ ಅವರನ್ನು ಕರೆಸಲೇಬೇಕು. ಹಾಗಾಗಿ ವಯಸ್ಸಾದ ಗೆಳೆಯರಿಂದ ಸಹಿ ಹಾಕಿಸುವ ನಮ್ಮ ಕಡೆಯ ರೂಢಿ ಅಷ್ಟು ಜಾಣತನದ್ದಲ್ಲ.

ಇಷ್ಟೆಲ್ಲ ಇದ್ದೂ ಉಯಿಲು ಬೀಳಬಹುದು. ಅದಕ್ಕೆ ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸಿದೆ: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ (1959). ಉಯಿಲು ಬರೆಸುವುದರಲ್ಲಿ ಮುಂದೆ ನಿಂತು ಓಡಾಡಿದವನಿಗೇ ದೊಡ್ಡ ಲಾಭ ಸಿಕ್ಕಿದ್ದರೆ, ಸಹಿ ನಡುಗಿದ್ದರೆ, ಬರೆದವರ ಬುದ್ಧಿ ಸ್ಥಿಮಿತದಲ್ಲಿತ್ತೇ ಅನ್ನುವ ಅನುಮಾನವಿದ್ದರೆ, ಆ ಶಂಕೆಗಳನ್ನೆಲ್ಲ ಕಳೆಯುವ ಹೊಣೆ ಉಯಿಲನ್ನು ಮುಂದಿಟ್ಟವನದೇ. ಸುಮ್ನೆ ಸಹಿ ತೋರಿಸಿದರೆ ಸಾಲದು.

ನಾಮಿನಿ ಬರೆಸಿದ್ದೇನಲ್ಲ, ಉಯಿಲು ಯಾಕೆ ಅಂತ ಕೇಳುವವರಿಗೆ ಸುಪ್ರೀಂ ಕೋರ್ಟಿನ 2023ರ ಶಕ್ತಿ ಯೆಜ್ದಾನಿ ತೀರ್ಪು ತೋರಿಸಿ. ಷೇರುಗಳ ನಾಮಿನಿ ಕೂಡ ಮಾಲೀಕನಾಗುವುದಿಲ್ಲ.

ಪರೀಕ್ಷೆಯಲ್ಲಿ ತಿರುಚಿ ಕೇಳುವ ಪ್ರಶ್ನೆ ಒಂದಿದೆ. ಮೊದಲಿನದು ನೋಂದಾಯಿತ ಉಯಿಲು, ಆಮೇಲಿನದು ನೋಂದಣಿಯಿಲ್ಲದ್ದು, ಎರಡೂ ಒಂದೇ ಆಸ್ತಿಯ ಬಗ್ಗೆ. ಯಾವುದು ನಿಲ್ಲುತ್ತದೆ? ಸರಿಯಾಗಿ ಸಾಬೀತಾದರೆ ಕೊನೆಯದೇ.