ಒಂದೇ ಸೈಜಿಂಗ್ ಡೈ, ಹಲವು ಕಾರ್ಟ್ರಿಜ್: ಎಲ್ಲಿ ಸರಿ, ಎಲ್ಲಿ ತಪ್ಪು

ಹ್ಯಾಂಡ್‌ಲೋಡಿಂಗ್, ಅಂದರೆ ಹಾರಿಸಿದ ಕಾರ್ಟ್ರಿಜ್‌ನ (ತೋಟಾದ) ಖಾಲಿ ಕೇಸನ್ನು ಮತ್ತೆ ತುಂಬುವ ಕೆಲಸ, ಕಲಿಯಲು ಶುರು ಮಾಡಿದ ಕೂಡಲೇ ಬರುವ ಪ್ರಶ್ನೆ ಇದು. ಒಂದು ಡೈ (ಕೇಸ್‌ಗೆ ರೂಪ ಕೊಡುವ ಅಚ್ಚು) ಪೆಟ್ಟಿಗೆಯ ಮೇಲೆ .38 ಸ್ಪೆಷಲ್, .357 ಮ್ಯಾಗ್ನಮ್ ಎಂದು ಎರಡು ಹೆಸರು ಇರುತ್ತವೆ. .308 ವಿಂಚೆಸ್ಟರ್ ಡೈ ಮೇಲೆ ಮಾತ್ರ ಒಂದೇ ಹೆಸರು. .243 ವಿಂಚೆಸ್ಟರ್ ಕೂಡ ಆ .308 ಕೇಸ್‌ನಿಂದಲೇ ಬಂದದ್ದು ಅಲ್ವಾ, ಮತ್ತೆ ಯಾಕೆ ಹೀಗೆ?

ಕಾರ್ಟ್ರಿಜ್‌ನ ಹೆಸರನ್ನು ಸ್ವಲ್ಪ ಹೊತ್ತು ಮರೆಯಿರಿ. ಡೈ ಕೇಸ್‌ನ ಯಾವ ಯಾವ ಜಾಗವನ್ನು ಮುಟ್ಟುತ್ತದೆ ಎಂದು ಮಾತ್ರ ನೋಡಿ. ಗುಂಡು ಹಾರಿದಾಗ ಹಿತ್ತಾಳೆ ಕೇಸ್ ಹಿಗ್ಗುತ್ತದೆ. ಡೈ ಅದನ್ನು ಮತ್ತೆ ಒತ್ತಿ ಅಳತೆಗೆ ತರುತ್ತದೆ. ಮುಟ್ಟುವ ಜಾಗಗಳೆಲ್ಲ ಒಂದೇ ಆಗಿದ್ದರೆ ಡೈ ಕೂಡ ಒಂದೇ ಸಾಕು.

ನೇರ ಗೋಡೆಯ ಕೇಸ್‌ಗಳಲ್ಲಿ ಇದು ಸುಲಭ. .38 ಸ್ಪೆಷಲ್ ಕೇಸ್ 1.155 ಇಂಚು ಉದ್ದ, .357 ಮ್ಯಾಗ್ನಮ್ 1.290 ಇಂಚು. ಎರಡರ ಹೊರ ವ್ಯಾಸ ಮಾತ್ರ ಒಂದೇ, 0.379 ಇಂಚು. ಕಾರ್ಬೈಡ್ ಡೈಯಲ್ಲಿ ಒತ್ತುವ ಕೆಲಸ ಮಾಡುವುದು ಡೈಯ ಬಾಯಿಯ ಹತ್ತಿರ ಇರುವ ಒಂದು ಬಳೆ. ಕೇಸ್ ಎಷ್ಟೇ ಉದ್ದವಿರಲಿ, ಅದೇ ಬಳೆಯೊಳಗಿಂದ ಹಾದುಹೋಗುತ್ತದೆ. ಹಳೆಯ ಪ್ರೈಮರ್ (ಪೌಡರ್‌ಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತಳ್ಳುವ ಪಿನ್ನಿನ ಲೆಕ್ಕ ಕೇಸ್‌ನ ತಳದಿಂದ ಶುರು. ಆದ್ದರಿಂದ ಅದಕ್ಕೂ ಉದ್ದದ ಚಿಂತೆ ಇಲ್ಲ. .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್, .45 ಕೋಲ್ಟ್ ಮತ್ತು .454 ಕಸುಲ್ ಜೋಡಿಗಳೂ ಇದೇ ರೀತಿ.

ಆದರೆ ಈ ಮಾತು ಸೈಜಿಂಗ್ ಡೈಗೆ ಮಾತ್ರ. ಬಾಯಿ ಅಗಲಿಸುವ ಡೈ, ಬುಲೆಟ್ ಕೂರಿಸಿ ಕ್ರಿಂಪ್ ಮಾಡುವ (ಬಾಯಿಯನ್ನು ಬುಲೆಟ್ ಸುತ್ತ ಬಿಗಿಯುವ) ಡೈ ಇವೆರಡೂ ಕೇಸ್‌ನ ಬಾಯಿಯ ಮೇಲೆ ಕೆಲಸ ಮಾಡುತ್ತವೆ. ಬಾಯಿ 0.135 ಇಂಚು, ಅಂದರೆ ಸುಮಾರು 3.4 ಮಿಲಿಮೀಟರ್ ಮೇಲಿದ್ದರೆ ಅವನ್ನೂ ಅಷ್ಟೇ ಎತ್ತಬೇಕು. .38ಕ್ಕೆ ಹೊಂದಿಸಿದ ಡೈ ಕೆಳಗೆ ಅಷ್ಟು ದಪ್ಪದ ಸ್ಪೇಸರ್ ಬಳೆ ಹಾಕಿದರೆ .357ಕ್ಕೆ ಸರಿಹೋಗುತ್ತದೆ. ನನಗೆ ಈ ಉಪಾಯ ತುಂಬಾ ಇಷ್ಟ. ಪ್ರತಿ ಸಲ ಡೈ ತಿರುಗಿಸಿ ಅಳೆಯುವ ತಾಪತ್ರಯ ತಪ್ಪುತ್ತದೆ.

ಬಾಟಲಿ ಆಕಾರದ ರೈಫಲ್ ಕೇಸ್‌ಗಳಿಗೆ ಬಂದರೆ ಡೈ ಮುಟ್ಟುವ ಜಾಗ ಮೂರು: ಒಡಲು, ಭುಜ, ಕತ್ತು. .308 ಕುಟುಂಬದಲ್ಲಿ .243, .260 ರೆಮಿಂಗ್ಟನ್, 7ಎಂಎಂ-08, .358 ಎಲ್ಲಾ ಇವೆ. ಇವುಗಳ ಒಡಲು ಒಂದೇ, ಭುಜದ ಕೋನವೂ 20 ಡಿಗ್ರಿ. ಕತ್ತು ಮಾತ್ರ ಬೇರೆ ಬೇರೆ. .243 ಕೇಸನ್ನು .308 ಡೈಗೆ ಹಾಕಿದರೆ ಒಡಲೂ ಭುಜವೂ ಸರಿಯಾಗುತ್ತವೆ, ಕತ್ತನ್ನು ಡೈ ಮುಟ್ಟುವುದೇ ಇಲ್ಲ. ಡೈಯೊಳಗಿನ ಎಕ್ಸ್‌ಪಾಂಡರ್ (ಕತ್ತನ್ನು ಒಳಗಿಂದ ಅಗಲಿಸುವ ಉಂಡೆ) ತೆಗೆಯದೆ ಹಾಕಿದರೆ ಇನ್ನೂ ಕೆಟ್ಟದ್ದು. 6 ಮಿಲಿಮೀಟರ್ ಕತ್ತಿನೊಳಗೆ .30 ಕ್ಯಾಲಿಬರ್‌ನ ಉಂಡೆ ನುಗ್ಗಿ ಕೇಸ್ ಹಾಳಾಗುತ್ತದೆ.

ಇದಕ್ಕೆಂದೇ ಬಾಡಿ ಡೈ ಇದೆ. ಅದು ಕತ್ತನ್ನು ಬಿಟ್ಟು ಒಡಲು ಮತ್ತು ಭುಜವನ್ನಷ್ಟೇ ಒತ್ತುತ್ತದೆ. ಕತ್ತಿಗೆ ಆಯಾ ಕ್ಯಾಲಿಬರ್‌ನ ನೆಕ್ ಡೈ ಬೇರೆ ಬೇಕು. ಬುಶಿಂಗ್ ಡೈ ಆದರೆ ಬುಶಿಂಗ್ (ಕತ್ತನ್ನು ಒತ್ತುವ, ಬದಲಿಸಬಹುದಾದ ಬಳೆ) ಮತ್ತು ಎಕ್ಸ್‌ಪಾಂಡರ್ ಬದಲಿಸಿದರೆ ಸಾಕು. .358ರಂಥ ದಪ್ಪ ಕತ್ತಿನ ಕೇಸ್‌ಗೆ ಡೈಯ ಮೇಲ್ಭಾಗದಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈಗ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ವಿಷಯ. .30-06 ಕುಟುಂಬದಲ್ಲಿ 1925ರ .270 ವಿಂಚೆಸ್ಟರ್ ಇದೆ, 1957ರ .280 ರೆಮಿಂಗ್ಟನ್ ಇದೆ. ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ .280ರ ಭುಜ ಸುಮಾರು 0.050 ಇಂಚು ಮುಂದಿದೆ. .270 ಚೇಂಬರ್‌ಗೆ (ಬಂದೂಕಿನಲ್ಲಿ ಕಾರ್ಟ್ರಿಜ್ ಕೂರುವ ಗೂಡು) ಅದು ತಪ್ಪಿಯೂ ಹೋಗಬಾರದು ಎಂದೇ ಹಾಗೆ ಮಾಡಿದ್ದು. .30-06ಕ್ಕೆ ಹೊಂದಿಸಿದ ಬಾಡಿ ಡೈಗೆ .280 ಕೇಸ್ ಹಾಕಿದರೆ ಭುಜ ಅಷ್ಟೂ ಹಿಂದೆ ಸರಿಯುತ್ತದೆ. ಬೋಲ್ಟ್ ರೈಫಲ್‌ಗೆ ಸಾಮಾನ್ಯವಾಗಿ ಭುಜ ಹಿಂದೆ ತಳ್ಳುವುದು 0.001ರಿಂದ 0.002 ಇಂಚು ಅಷ್ಟೇ. ಹೆಡ್‌ಸ್ಪೇಸ್ (ಚೇಂಬರ್‌ನಲ್ಲಿ ಕೇಸ್‌ಗೆ ಉದ್ದಕ್ಕೆ ಉಳಿಯುವ ಸಡಿಲ) ಅಷ್ಟು ಹೆಚ್ಚಾದರೆ ಹಾರಿಸುವಾಗ ಕೇಸ್ ಉದ್ದಕ್ಕೆ ಎಳೆದುಕೊಳ್ಳುತ್ತದೆ. ತಳದ ಹತ್ತಿರ ಗೋಡೆ ತೆಳುವಾಗುತ್ತದೆ, ಅಲ್ಲೇ ತುಂಡಾಗಲೂಬಹುದು. ಆಗ ಬಿಸಿ ಗ್ಯಾಸ್ ಹೊರಬರುವುದು ಹಾರಿಸುವವರ ಮುಖದ ಪಕ್ಕದಲ್ಲೇ. .222 ಮತ್ತು .223 ರೆಮಿಂಗ್ಟನ್ ಜೋಡಿಯಲ್ಲೂ ಭುಜದ ಜಾಗ ಬೇರೆ. ತಳ ಒಂದೇ ಎಂದು ಸುಮ್ನೆ ನಂಬಬೇಡಿ, ತಳದಿಂದ ಭುಜಕ್ಕೆ ಎಷ್ಟು ಎಂದು ಕಂಪ್ಯಾರೇಟರ್ ಹಾಕಿ ಅಳೆಯಿರಿ.

ಡೈ ಹಂಚಿಕೊಂಡರೂ ಪೌಡರ್ ಲೆಕ್ಕ ಹಂಚಿಕೊಳ್ಳುವಂತಿಲ್ಲ. ಪ್ರತಿ ಕಾರ್ಟ್ರಿಜ್‌ಗೂ ಅದರದೇ ಪ್ರಕಟಿತ ಲೋಡ್ ಡೇಟಾ ನೋಡಬೇಕು.

ಇನ್ನೊಂದು ಸಂಗತಿ. .308 ಕೇಸನ್ನು .243 ಡೈಗೆ ಹಾಕಿದರೆ ಅದು .243 ಆಗಿಬಿಡುತ್ತದೆ. ಹಿತ್ತಾಳೆ ಕುಗ್ಗಿದ ಕಡೆ ಗೋಡೆ ದಪ್ಪವಾಗುತ್ತದೆ. ಬುಲೆಟ್ ಕೂರಿಸಿದ ಮೇಲೆ ಕತ್ತಿನ ಹೊರ ಅಳತೆ ಚೇಂಬರ್‌ಗಿಂತ ಚಿಕ್ಕದಿರಬೇಕು. ಇಲ್ಲದಿದ್ದರೆ ಬುಲೆಟ್ ಬಿಗಿಯಾಗಿ ಸಿಕ್ಕಿ ಒತ್ತಡ ಏರುತ್ತದೆ. ತಳದ ಮೇಲಿನ ಗುರುತು ಮಾತ್ರ ಇನ್ನೂ .308 ಎಂದೇ ಇರುತ್ತದೆ. ಅಂಥ ಕೇಸ್‌ಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ದಪ್ಪ ಅಕ್ಷರದಲ್ಲಿ .243 ಎಂದು ಬರೆದಿಡಿ.