ಪೈಪು ಮುಚ್ಚಿದ ಮೇಲೂ ನದಿ ಯಾಕೆ ಸರಿಹೋಗಿಲ್ಲ?

ಪ್ರಶ್ನೆ: ನಮ್ಮ ನದಿಗೆ ಕೊಳಚೆ ಬಿಡುತ್ತಿದ್ದ ದೊಡ್ಡ ಪೈಪುಗಳನ್ನು ಮುಚ್ಚಿ ಏಳೆಂಟು ವರ್ಷ ಆಯಿತು. ಈಗ ನೀರು ತಿಳಿಯಾಗಿಯೇ ಕಾಣುತ್ತದೆ. ಆದರೂ ಪರೀಕ್ಷೆಯ ವರದಿಯಲ್ಲಿ ಪ್ರತಿ ಸಲವೂ ‘ಗುಣಮಟ್ಟ ಸಾಲದು’ ಅಂತಲೇ ಇರುತ್ತದೆ. ವರದಿ ತಪ್ಪಾ, ಇಲ್ಲಾ ನದಿ ನಿಜವಾಗಿಯೂ ಕೆಟ್ಟಿದೆಯಾ?

ಉತ್ತರ: ನದಿ ಇನ್ನೂ ಕೆಟ್ಟಿರುವ ಸಾಧ್ಯತೆಯೇ ಜಾಸ್ತಿ. ವರದಿಯೂ ಅರ್ಧ ಕತೆಯನ್ನಷ್ಟೇ ಹೇಳುತ್ತಿರಬಹುದು.

ಮೊದಲು ಕಣ್ಣಿನ ವಿಷಯ. ನೈಟ್ರೇಟ್ (ಗೊಬ್ಬರ, ಕೊಳಚೆಯಿಂದ ಬರುವ ಸಾರಜನಕದ ಒಂದು ರೂಪ), ಕೀಟನಾಶಕ, ರೋಗಾಣು ಯಾವುದೂ ಕಣ್ಣಿಗೆ ಕಾಣುವುದಿಲ್ಲ. ನೀರು ಗಾಜಿನ ಹಾಗಿದ್ದರೂ ಇವೆಲ್ಲ ಅದರಲ್ಲಿ ಇರಬಹುದು. ಹಾಗಾಗಿ ತಿಳಿ ನೀರನ್ನು ನೋಡಿ ಸಮಾಧಾನ ಪಡಬೇಡಿ.

ಇನ್ನು ಪೈಪಿನ ವಿಷಯ. ಪೈಪು ಸುಲಭದ ಶತ್ರು. ಎಲ್ಲಿದೆ ಅಂತ ಗೊತ್ತು, ಯಾರದ್ದು ಅಂತ ಗೊತ್ತು, ಮುಚ್ಚಿಸಬಹುದು. ಆದರೆ ನದಿಗೆ ನೀರು ಬರುವುದು ಪೈಪಿನಿಂದ ಮಾತ್ರ ಅಲ್ಲವಲ್ಲ. ಸುತ್ತಲಿನ ದಿಣ್ಣೆಗಳ ನೆತ್ತಿಯಿಂದ ನದಿಯ ಕಡೆಗೆ ಬಿದ್ದ ಮಳೆಯೆಲ್ಲ ಇಳಿದು ಬಂದು ಸೇರುವುದು ಅದಕ್ಕೇ. ಆ ಇಡೀ ನೆಲವೇ ಜಲಾನಯನ ಪ್ರದೇಶ. ಹೊಲದ ಗೊಬ್ಬರ, ರಸ್ತೆಯ ಎಣ್ಣೆ, ಸೋರುವ ಶೌಚದ ಗುಂಡಿ, ಕೊಚ್ಚಿಹೋದ ಮಣ್ಣು, ಎಲ್ಲವೂ ಆ ನೀರಿನ ಜೊತೆಗೇ ಬರುತ್ತವೆ. ಇವಕ್ಕೆ ಮುಚ್ಚಳ ಹಾಕಲು ಒಂದು ಬಾಯಿ ಅಂತ ಇಲ್ಲ.

ನದಿ ಸುಧಾರಿಸುವುದೆಂದರೆ ನಮಗೆಲ್ಲ ಥೇಮ್ಸ್ ನದಿಯ ಕತೆ ನೆನಪಾಗುತ್ತದೆ. 1858ರ ಬೇಸಿಗೆಯಲ್ಲಿ ಅದರ ನಾತಕ್ಕೆ ಲಂಡನ್ನಿನ ಸಂಸತ್ತೇ ತತ್ತರಿಸಿತ್ತು. ಆಮೇಲೆ ದೊಡ್ಡ ಒಳಚರಂಡಿ ಬಂತು. ಆದರೆ ಅದು ಕೊಳಚೆಯನ್ನು ಊರಿನಿಂದ ಕೆಳಕ್ಕೆ ಸಾಗಿಸಿತು, ಅಷ್ಟೇ. 1957ರ ಹೊತ್ತಿಗೆ ಲಂಡನ್ ಭಾಗದ ಥೇಮ್ಸ್ ‘ಜೀವವಿಲ್ಲದ ನದಿ’ ಅನ್ನಿಸಿಕೊಂಡಿತ್ತು. ಕೊಳಚೆಯನ್ನು ಸರಿಯಾಗಿ ಶುದ್ಧ ಮಾಡಿ ಬಿಡತೊಡಗಿದ ಮೇಲೆ, 1974ರಲ್ಲಿ ಅಲ್ಲಿ ಒಂದು ಸಾಲ್ಮನ್ ಮೀನು ಸಿಕ್ಕಿತು. ಅಲ್ಲಿ ಸಾಲ್ಮನ್ ಕಂಡು ನೂರು ವರ್ಷಕ್ಕೂ ಮೇಲಾಗಿತ್ತು. ಕೇಳಲು ಚೆಂದದ ಕತೆ. ಆದರೆ ಥೇಮ್ಸ್‌ನ ಮುಖ್ಯ ಕಾಯಿಲೆ ನೀರಿನ ಆಮ್ಲಜನಕವನ್ನು ತಿಂದುಹಾಕುವ ಕೊಳಚೆ. ಅದು ಬರುವುದು ನಿಂತರೆ ಹರಿಯುವ ನೀರು ಬೇಗ ಉಸಿರಾಡುತ್ತದೆ. ಎಲ್ಲ ಕಾಯಿಲೆಯೂ ಹಾಗಲ್ಲ.

ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯನ್ನು ನೋಡಿ. ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕವನ್ನು ಅದಕ್ಕೆ ಬಿಡುವುದು ನಿಂತದ್ದು 1977ರಲ್ಲಿ. ಆದರೆ ಅಷ್ಟರಲ್ಲಿ ಅದು ತಳದ ಹೂಳಿನಲ್ಲಿ ಅಂಟಿ ಕೂತಿತ್ತು. ಅಲ್ಲಿಂದ ಹುಳಕ್ಕೆ, ಹುಳದಿಂದ ಮೀನಿಗೆ. ಕೊನೆಗೆ 2009ರಿಂದ 2015ರವರೆಗೆ ನದಿಯ ತಳವನ್ನೇ ತೋಡಿ ತೆಗೆಯಬೇಕಾಯಿತು. ಹೊಸ ಸಾಲ ಮಾಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಳೆಯದು ತೀರುವುದಿಲ್ಲ.

ಅಮೆರಿಕದ ಚೆಸಾಪೀಕ್ ಕೊಲ್ಲಿಯ ಸಾಲ ಬೇರೆ ಥರದ್ದು. ಆರು ರಾಜ್ಯಗಳ ನೀರು ಅಲ್ಲಿಗೆ ಬರುತ್ತದೆ. ಸಾರಜನಕ, ರಂಜಕ, ಹೂಳು ಈ ಮೂರನ್ನೂ ತಗ್ಗಿಸುವ ಕ್ರಮಗಳೆಲ್ಲ 2025ರೊಳಗೆ ಜಾರಿಯಾಗಬೇಕು ಅಂತ 2010ರಲ್ಲಿ ಗುರಿ ಹಾಕಿದರು. ಗುರಿ ಪೂರ್ತಿ ಮುಟ್ಟಲಿಲ್ಲ. ಮನಸ್ಸು, ಹಣ, ರಾಜಕೀಯ ಎಲ್ಲವೂ ಕಾರಣ, ನಿಜ. ಆದರೆ ನೆಲದೊಳಗೂ ಒಂದು ಕಾರಣ ಇದೆ. ಹೊಲದಿಂದ ಇಳಿದ ನೈಟ್ರೇಟ್‌ನ ಒಂದು ದೊಡ್ಡ ಪಾಲು ಅಂತರ್ಜಲದ ದಾರಿಯಲ್ಲಿ ತೊರೆಗೆ ಬರುತ್ತದೆ. ಆ ಪ್ರಯಾಣಕ್ಕೆ ಕೆಲವೆಡೆ ಒಂದೆರಡು ವರ್ಷ ಸಾಕು, ಕೆಲವೆಡೆ ಹಲವು ದಶಕ ಬೇಕು. ರೈತ ಇವತ್ತು ಗೊಬ್ಬರ ಕಡಿಮೆ ಮಾಡಿದರೂ ನದಿಗೆ ಬರುತ್ತಿರುವುದು ಅವನ ಅಪ್ಪ ಹಾಕಿದ ಗೊಬ್ಬರ ಇರಬಹುದು.

ಈಗ ವರದಿಗೆ ಬರೋಣ. ನನಗೆ ಜಾಸ್ತಿ ಅನುಮಾನ ಇರುವುದು ಇಲ್ಲೇ.

ಮಾದರಿ ಎಂದರೆ ಒಂದು ಬಾಟಲಿ ನೀರು, ಒಂದು ಜಾಗದ್ದು, ಒಂದು ಗಳಿಗೆಯದ್ದು. ಕರಗಿದ ಆಮ್ಲಜನಕವನ್ನೇ ತೆಗೆದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿ ಆದರೆ ಏಳೂವರೆ. 5ಕ್ಕಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳಿಗೆ ಕಷ್ಟ. ನೀರಿನಲ್ಲಿ ಪಾಚಿ ತುಂಬಿದ್ದರೆ ಹಗಲಲ್ಲಿ ಅದು ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನದ ಅಂಕಿ ಬಹಳ ಚೆನ್ನಾಗಿರುತ್ತದೆ. ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮಾದರಿ ತೆಗೆಯುವವರು ಬರುವುದು ಕೆಲಸದ ಹೊತ್ತಿಗೆ, ಮೀನಿಗೆ ಉಸಿರು ಕಟ್ಟುವುದು ಬೆಳಗಿನ ಜಾವ! ಅದಕ್ಕೇ ಹಗಲೂ ರಾತ್ರಿ ನೀರಲ್ಲೇ ಇದ್ದು ಅಳೆಯುವ ಸೆನ್ಸರ್ ಬೇಕು ಅನ್ನುವುದು.

ಇನ್ನೊಂದು ಮೋಸ ಹರಿವಿನದ್ದು. ಲೆಕ್ಕಕ್ಕೆ ಸುಮ್ನೆ ಎರಡು ದಿನ ಊಹಿಸಿಕೊಳ್ಳಿ. ಒಣ ದಿನದಲ್ಲಿ ಲೀಟರಿಗೆ 2 ಮಿಲಿಗ್ರಾಂ ನೈಟ್ರೇಟ್, ಹರಿವು ಸೆಕೆಂಡಿಗೆ 1 ಘನ ಮೀಟರ್. ಅಂದರೆ ಸೆಕೆಂಡಿಗೆ 2 ಗ್ರಾಂ ಹೋಗುತ್ತಿದೆ. ಜೋರು ಮಳೆಯ ದಿನ ಲೀಟರಿಗೆ 1 ಮಿಲಿಗ್ರಾಂ, ಹರಿವು 50 ಘನ ಮೀಟರ್. ವರದಿ ನೋಡಿದರೆ ನೈಟ್ರೇಟ್ ಅರ್ಧಕ್ಕೆ ಇಳಿದಿದೆ. ನಿಜಕ್ಕೂ ಹೋಗುತ್ತಿರುವುದು ಸೆಕೆಂಡಿಗೆ 50 ಗ್ರಾಂ, ಅಂದರೆ ಇಪ್ಪತ್ತೈದು ಪಟ್ಟು. ಕೆಳಗಿನ ಕೆರೆಗೋ ಕೊಲ್ಲಿಗೋ ಮುಖ್ಯವಾಗುವುದು ಈ ಒಟ್ಟು ಹೊರೆ. ಹರಿವಿನ ಅಂಕಿ ಇಲ್ಲದ ವರದಿಯಿಂದ ಇದು ತಿಳಿಯುವುದಿಲ್ಲ. ವರ್ಷವಿಡೀ ಹೋಗುವ ಮಣ್ಣು, ಅದಕ್ಕೆ ಅಂಟಿದ ರಂಜಕ ಇವುಗಳಲ್ಲಿ ಬಹುಪಾಲು ಹೋಗುವುದು ಕೆಲವೇ ಜೋರು ಮಳೆಗಳಲ್ಲಿ. ಆ ದಿನಗಳಲ್ಲಿ ಬಾಟಲಿ ಹಿಡಿದು ದಡಕ್ಕೆ ಯಾರೂ ಹೋಗಿರುವುದಿಲ್ಲ.

ಹಾಗಾಗಿ ನನಗೆ ಬಾಟಲಿಗಿಂತ ಹುಳಗಳ ಮೇಲೆ ನಂಬಿಕೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಮರಿಗಳು ತೊರೆಯ ಕಲ್ಲುಗಳ ಅಡಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ನೀರು ಕೆಟ್ಟರೆ ಮೊದಲು ಮಾಯವಾಗುವ ಗುಂಪು ಇದು. ಒಂದು ರಾತ್ರಿ ಯಾರೋ ಕದ್ದು ವಿಷ ಬಿಟ್ಟು ಹೋದರೆ ಮರುದಿನದ ಬಾಟಲಿಯಲ್ಲಿ ಏನೂ ಸಿಗದೇ ಇರಬಹುದು. ಆದರೆ ಕಲ್ಲೆತ್ತಿ ನೋಡಿದರೆ ಅಲ್ಲಿ ಹುಳ ಇರುವುದಿಲ್ಲ. ರಾಸಾಯನಿಕ ಪರೀಕ್ಷೆ ಬೇಡ ಅಂತಲ್ಲ. ಯಾವ ವಿಷ ಅಂತ ಹುಳ ಹೇಳುವುದಿಲ್ಲವಲ್ಲ.

ಕೊಳಕಿನ ಮೂಲ ಹುಡುಕಲು ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಪ್ರತಿ ಹಳ್ಳ ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ. ಅಂಕಿ ಎಲ್ಲಿ ಜಿಗಿಯಿತೋ ಆ ಹಳ್ಳದ ಜಾಡು ಹಿಡಿಯುವುದು. ಬೇಸರದ ಕೆಲಸ. ಆದರೆ ಇಡೀ ನದಿಗೆ ಸುರಿಯಬೇಕಿದ್ದ ಹಣ ಎರಡು ಹಳ್ಳಗಳಿಗೆ ಸಾಕಾಗುವುದೂ ಉಂಟು.

ರಿಪೇರಿಯೂ ಆ ಸಣ್ಣ ಹಳ್ಳಗಳಿಂದಲೇ ಶುರುವಾಗಬೇಕು. ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ದೀಪ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತದೆ, ನೀರು ಚೆನ್ನಾಗುವುದಿಲ್ಲ. ದಡದ ಉದ್ದಕ್ಕೂ ಹುಲ್ಲು, ಪೊದೆ, ಮರದ ಪಟ್ಟಿ ಬಿಟ್ಟರೆ ಮಣ್ಣು ಅಲ್ಲೇ ತಡೆದು ನಿಲ್ಲುತ್ತದೆ. ನೆರಳಿನಿಂದ ನೀರು ತಂಪಾಗಿ ಆಮ್ಲಜನಕವೂ ಜಾಸ್ತಿ ಉಳಿಯುತ್ತದೆ. ಆದರೆ ಹೊಲದಡಿ ಹೂತ ಬಸಿಗೊಳವೆ ಆ ಪಟ್ಟಿಯ ಕೆಳಗಿಂದಲೇ ನೇರ ಹಳ್ಳಕ್ಕೆ ಬಂದರೆ ಮರ ನೆಟ್ಟೂ ಉಪಯೋಗವಿಲ್ಲ. ನೈಟ್ರೇಟ್ ಬೇರಿಗೆ ಸಿಗದೇ ಹೋಗುತ್ತದೆ. ಅಂಥ ಕಡೆ ಬೆಳೆಗೆ ಬೇಕಾದಷ್ಟೇ ಗೊಬ್ಬರ, ಬೇಕಾದ ಹೊತ್ತಿಗೆ ಹಾಕುವುದೇ ಮದ್ದು.

ಎಷ್ಟು ವರ್ಷ ಕಾಯಬೇಕು ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ ಅಲ್ವಾ? ವರದಿಯಲ್ಲಿ ಯಾವ ಅಂಕಿ ಕೆಟ್ಟಿದೆ ಅಂತ ನೋಡಿ. ರೋಗಾಣುವಾದರೆ ಎಲ್ಲೋ ಇನ್ನೂ ಮಲ ಸೇರುತ್ತಿದೆ. ಸೋರಿಕೆ ನಿಂತರೆ ವಾರಗಳಲ್ಲೇ ಅಂಕಿ ಇಳಿಯಬೇಕು. ಆಮ್ಲಜನಕ ಕಡಿಮೆ ಇದ್ದರೆ ಕೆಲವು ವರ್ಷ. ಹೂಳಿನಲ್ಲಿ ಕೂತ ರಂಜಕವೋ ಅಂತರ್ಜಲದ ನೈಟ್ರೇಟೋ ಆದರೆ ಏಳೆಂಟು ವರ್ಷ ಏನೂ ಅಲ್ಲ, ದಶಕಗಳೇ ಬೇಕಾಗಬಹುದು. ಆ ಮಧ್ಯೆ ಮೇಲಿನ ಹಳ್ಳದ ಕಲ್ಲುಗಳನ್ನು ಆಗಾಗ ಎತ್ತಿ ನೋಡುತ್ತಿರಿ. ಹುಳಗಳು ಮೊದಲು ಮರಳಿ ಬರುವುದು ಅಲ್ಲಿಗೇ.