ಎಣ್ಣೆಗೆ ಲೋಹ ಬೆರೆಸುವ ಪಾಡು

ಒಗ್ಗರಣೆಯ ಎಣ್ಣೆಗೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಎಷ್ಟು ಕದಡಿದರೂ ಕರಗುವುದಿಲ್ಲ, ತಳ ಸೇರುತ್ತದೆ. ನ್ಯೂಟ್ರಿನೊ ಎಂಬ, ಯಾವುದಕ್ಕೂ ಸುಲಭವಾಗಿ ಸಿಗದ ಸೂಕ್ಷ್ಮ ಕಣವನ್ನು ಹಿಡಿಯಲು ಹೊರಟವರು ದಶಕಗಟ್ಟಲೆ ಗುದ್ದಾಡಿದ್ದು ಹೆಚ್ಚುಕಡಿಮೆ ಇದೇ ತೊಂದರೆಯ ಜೊತೆ.

ಎಣ್ಣೆಗೆ ಲೋಹ ಯಾಕೆ? ಅಣು ರಿಯಾಕ್ಟರ್‌ನಿಂದ ಹೊರಡುವ ಆಂಟಿನ್ಯೂಟ್ರಿನೊ, ಅಂದರೆ ನ್ಯೂಟ್ರಿನೊದ ಪ್ರತಿಕಣ, ಅಪರೂಪಕ್ಕೊಮ್ಮೆ ಪ್ರೋಟಾನ್‌ಗೆ ಬಡಿಯುತ್ತದೆ. ಆಗ ಒಂದು ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ), ಒಂದು ನ್ಯೂಟ್ರಾನ್ ಹುಟ್ಟುತ್ತವೆ. ಸಿಂಟಿಲೇಟರ್ ಎಂಬ ಎಣ್ಣೆಯಂಥ ದ್ರವದಲ್ಲಿ ಪಾಸಿಟ್ರಾನ್ ತಕ್ಷಣ ಸಣ್ಣ ಮಿಂಚು ಹೊಡೆಸುತ್ತದೆ. ಆದರೆ ಅಂಥ ಒಂಟಿ ಮಿಂಚು ಸುತ್ತಲಿನ ಬಂಡೆಯ ವಿಕಿರಣದಿಂದಲೂ ಬರುತ್ತದಲ್ಲ! ಹಾಗಾಗಿ ಎರಡನೇ ಸಾಕ್ಷಿ ಬೇಕು. ಅದೇ ನ್ಯೂಟ್ರಾನ್. ದ್ರವದ ಹೈಡ್ರೋಜನ್ ಅದನ್ನು ಹಿಡಿಯಲು ಸುಮಾರು 200 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಹಿಡಿದಾಗ ಬರುವ ಬೆಳಕೂ ಮಂದ. ನೂರಕ್ಕೆ 0.1ರಷ್ಟು ಗ್ಯಾಡೋಲಿನಿಯಂ ಎಂಬ ಲೋಹ ಬೆರೆಸಿದರೆ ಸಾಕು, ಸುಮಾರು 30 ಮೈಕ್ರೋಸೆಕೆಂಡ್‌ನಲ್ಲೇ ನ್ಯೂಟ್ರಾನ್ ಸಿಕ್ಕಿಬೀಳುತ್ತದೆ. ಹೊಮ್ಮುವ ಶಕ್ತಿ 2.2ರ ಬದಲು ಸುಮಾರು 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಬಂಡೆಯ ಗದ್ದಲದಲ್ಲಿ ಅದು ಮುಳುಗಿಹೋಗುವುದಿಲ್ಲ.

1956ರಲ್ಲಿ ಅಮೆರಿಕದ ಸವಾನಾ ರಿವರ್‌ನಲ್ಲಿ ಆಂಟಿನ್ಯೂಟ್ರಿನೊವನ್ನು ಪತ್ತೆ ಮಾಡಿದ ವಿಜ್ಞಾನಿಗಳಾದ ರೈನ್ಸ್ ಮತ್ತು ಕೋವನ್ ಎಣ್ಣೆಗೆ ಲೋಹ ಬೆರೆಸುವ ತಾಪತ್ರಯಕ್ಕೇ ಹೋಗಲಿಲ್ಲ. ಕ್ಯಾಡ್ಮಿಯಂ ಉಪ್ಪನ್ನು ನೀರಿನಲ್ಲಿ ಕರಗಿಸಿ, ಸಿಂಟಿಲೇಟರನ್ನು ಪಕ್ಕದ ತೊಟ್ಟಿಗಳಲ್ಲಿ ಬೇರೆಯಾಗಿ ಇಟ್ಟರು. ಜಾಣತನ.

ಫ್ರಾನ್ಸ್‌ನ ಶೂಜ್ ಪ್ರಯೋಗದವರು 1990ರ ದಶಕದಲ್ಲಿ ಲೋಹವನ್ನು ಸಿಂಟಿಲೇಟರ್‌ಗೇ ಸೇರಿಸಿದರು. ಗ್ಯಾಡೋಲಿನಿಯಂ ನೈಟ್ರೇಟ್ ಕರಗಿತೇನೋ ನಿಜ, ಆದರೆ ತಿಂಗಳುಗಳು ಕಳೆದಂತೆ ದ್ರವ ಹಳದಿಗೆ ತಿರುಗಿತು. ನೈಟ್ರೇಟ್ ಒಳಗಿಂದಲೇ ಅದನ್ನು ಕೆಡಿಸುತ್ತಿತ್ತು. ಬೆಳಕು ಮೀಟರ್‌ಗಟ್ಟಲೆ ಹಾದು ಅಂಚಿನಲ್ಲಿ ಬೆಳಕು ಗುರುತಿಸುವ ಟ್ಯೂಬ್‌ಗಳನ್ನು ಮುಟ್ಟಬೇಕಾದ ಕಡೆ ಹಳದಿ ಅಂದರೆ ಕುರುಡು.

ಮುಂದೆ ಕೈಹಿಡಿದದ್ದು ಒಂದು ಸಾವಯವ ಆಮ್ಲ. ಅದರ ಒಂದು ತುದಿ ಲೋಹವನ್ನು ಹಿಡಿದುಕೊಳ್ಳುತ್ತದೆ, ಉದ್ದನೆಯ ಬಾಲ ಎಣ್ಣೆಯೊಂದಿಗೆ ಬೆರೆಯುತ್ತದೆ. ಜಿಡ್ಡನ್ನೂ ನೀರನ್ನೂ ಒಟ್ಟು ಮಾಡುವ ಸೋಪಿನ ಉಪಾಯವೂ ಇದೇ ಅಲ್ವಾ? ತಮಾಷೆಯೆಂದರೆ, ಚೀನಾದ ದಯಾ ಬೇ ಪ್ರಯೋಗ ಬಳಸಿದ ಎಣ್ಣೆ ಲೀನಿಯರ್ ಆಲ್ಕೈಲ್ ಬೆಂಜೀನ್. ಬಟ್ಟೆ ಒಗೆಯುವ ಪುಡಿಯ ಕಚ್ಚಾವಸ್ತು ಅದು!

ದಯಾ ಬೇಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ದ್ರವ ತುಂಬಿದ ರೀತಿ. ರಿಯಾಕ್ಟರ್‌ಗೆ ಹತ್ತಿರದ ಮತ್ತು ದೂರದ ಪತ್ತೆಯಂತ್ರಗಳ ಎಣಿಕೆಯನ್ನು ಹೋಲಿಸುವುದೇ ಅಲ್ಲಿನ ಲೆಕ್ಕ. ಒಂದರ ದ್ರವ ಇನ್ನೊಂದಕ್ಕಿಂತ ಚೂರು ಬೇರೆಯಾದರೂ, ಕಂಡ ವ್ಯತ್ಯಾಸ ನ್ಯೂಟ್ರಿನೊದ್ದೋ ಡ್ರಮ್ಮಿನದ್ದೋ ಗೊತ್ತಾಗದು. ಅದಕ್ಕೇ ಎಲ್ಲ ದ್ರವವನ್ನು ಮೊದಲೇ ತಯಾರಿಸಿ, ನೆಲದಡಿಯ ಐದು ದೊಡ್ಡ ಟ್ಯಾಂಕ್‌ಗಳಲ್ಲಿ ಇಟ್ಟರು. 20 ಟನ್ ಹಿಡಿಯುವ ಒಂದೊಂದು ಯಂತ್ರಕ್ಕೂ ಐದೂ ಟ್ಯಾಂಕ್‌ಗಳಿಂದ ಸಮಪಾಲು ಸುರಿದರು. 2012ರ ಮಾರ್ಚ್‌ನಲ್ಲಿ, ಬರೀ 55 ದಿನಗಳ ದತ್ತಾಂಶದಿಂದ, ನ್ಯೂಟ್ರಿನೊ ಸಾಗುತ್ತಾ ಒಂದು ಬಗೆಯಿಂದ ಇನ್ನೊಂದಕ್ಕೆ ಎಷ್ಟು ಬದಲಾಗುತ್ತದೆ ಎಂದು ಹೇಳುವ, ಬಹುಕಾಲ ಕೈಗೆ ಸಿಗದಿದ್ದ ಬೆರಕೆಯ ಕೋನವೊಂದು ಸೊನ್ನೆಯಲ್ಲ ಎಂದು ಸಾರಿದರು.

ಕೆನಡಾದ ಸಡ್‌ಬರಿಯ ಸ್ನೋ ಪ್ಲಸ್ ಪ್ರಯೋಗದಲ್ಲಿ ಲೋಹದ ಪಾತ್ರವೇ ಬೇರೆ. ಅಲ್ಲಿ ಬೆರೆಸಲು ಹೊರಟಿರುವುದು ಟೆಲ್ಯೂರಿಯಂ ಎಂಬ ಅರೆಲೋಹ. ಅದು ಯಾವುದನ್ನೋ ಹಿಡಿಯಲು ಅಲ್ಲ, ನ್ಯೂಟ್ರಿನೊ ಹೊರಬರದ ಒಂದು ವಿಚಿತ್ರ ವಿಕಿರಣ ಕ್ಷಯ ಅದರ ಪರಮಾಣುಗಳಲ್ಲೇ ನಡೆಯುತ್ತದೆಯೇ ಎಂದು ಕಾದು ನೋಡಲು. ನೆಲದ ಮೇಲಿದ್ದಾಗ ಬ್ರಹ್ಮಾಂಡ ಕಿರಣಗಳು ಟೆಲ್ಯೂರಿಯಂಗೆ ಅಂಟಿಸಿದ ವಿಕಿರಣ ತಗ್ಗಬೇಕಲ್ಲ? ಅದಕ್ಕಾಗಿ ಬೆರೆಸುವ ಮುಂಚೆ ಅದನ್ನು ಎರಡು ಕಿಲೋಮೀಟರ್ ಆಳದ ನಿಕಲ್ ಗಣಿಗೆ ಇಳಿಸಿ, ವರ್ಷಗಟ್ಟಲೆ ಸುಮ್ನೆ ಇಟ್ಟಿದ್ದರು.